ಸ್ಪೇನಿನ ಕಡಲತಡಿಯ ಮನೆ: ಕ್ರಯಪತ್ರ ಕೊಡುವುದೆಷ್ಟು, ಕೊಡದಿರುವುದೆಷ್ಟು

ಬ್ರಿಟನ್ನಿನ ನಿವೃತ್ತ ದಂಪತಿಯೊಬ್ಬರು ಸ್ಪೇನಿನ ಅಲಿಕಾಂತೆ ಪ್ರಾಂತ್ಯದ ಕಡಲತಡಿಯಲ್ಲಿ ಮನೆ ಕೊಂಡಿದ್ದಾರೆ ಎಂದುಕೊಳ್ಳೋಣ. ಹಣ ಪೂರ್ತಿ ಸಂದಾಯವಾಗಿದೆ, ಕ್ರಯಪತ್ರ ಇಬ್ಬರ ಹೆಸರಿನಲ್ಲೂ ಇದೆ, ವರ್ಷವರ್ಷವೂ ಕಂದಾಯ ಕಟ್ಟಿದ ರಸೀದಿಗಳು ಕಡತದಲ್ಲಿವೆ. ಇಂಗ್ಲೆಂಡಿನ ಚಳಿಯಿಂದ ತಪ್ಪಿಸಿಕೊಳ್ಳಲು ಅವರು ಅಕ್ಟೋಬರ್ 1ರಂದು ಈ ಮನೆಗೆ ಬಂದರೆ, ಅಲ್ಲಿ ಇರಬಹುದಾದ ಕೊನೆಯ ದಿನ ಡಿಸೆಂಬರ್ 29. ವರ್ಷದ ಕೊನೆಯ ರಾತ್ರಿ ಸ್ಪೇನಿನವರು ಗಡಿಯಾರದ ಹನ್ನೆರಡು ಬಡಿತಕ್ಕೆ ಹನ್ನೆರಡು ದ್ರಾಕ್ಷಿ ತಿನ್ನುವ ಹೊತ್ತಿಗೆ ಇವರ ಮನೆಗೆ ಬೀಗ ಬಿದ್ದಿರಬೇಕು. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಷೆಂಗೆನ್ ಪ್ರದೇಶದಲ್ಲಿ, ಅಂದರೆ ತಮ್ಮೊಳಗಿನ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳಲ್ಲಿ, ಇರುವಂತಿಲ್ಲ ಎಂಬ ನಿಯಮ 2021ರ ಜನವರಿ 1ರಿಂದ ಬ್ರಿಟಿಷರಿಗೂ ಅನ್ವಯವಾಗಿದೆ. ಮತ್ತೆ ಬರಬೇಕೆಂದರೆ ಮಾರ್ಚ್ ತಿಂಗಳ ಕೊನೆಯವರೆಗೆ ಕಾಯಬೇಕು. ಅಷ್ಟರಲ್ಲಿ ಯಾವ ಚಳಿಗಾಗಿ ಮನೆ ಕೊಂಡರೋ ಆ ಚಳಿಯೇ ಮುಗಿದಿರುತ್ತದೆ. ಮೊದಲು ಪಾಸ್‌ಪೋರ್ಟಿನ ಮೇಲೆ ಬಿದ್ದ ಮೊಹರುಗಳನ್ನು ಗಡಿಯ ಅಧಿಕಾರಿ ಬೆರಳು ಮಡಿಚಿ ಎಣಿಸಬೇಕಿತ್ತು, ಒಂದೆರಡು ದಿನ ಹೆಚ್ಚಾದರೆ ಕಣ್ಣು ತಪ್ಪುವ ಸಂಭವವೂ ಇತ್ತು. 2025ರ ಅಕ್ಟೋಬರ್‌ನಿಂದ ಬೆರಳಚ್ಚು ಮತ್ತು ಭಾವಚಿತ್ರದ ಆಧಾರದ ಮೇಲೆ ಕಂಪ್ಯೂಟರೇ ದಿನಗಳನ್ನು ಲೆಕ್ಕ ಹಾಕುವ ವ್ಯವಸ್ಥೆ ಜಾರಿಗೆ ಬರತೊಡಗಿತು.

ಮನೆಯ ಒಡೆತನಕ್ಕೂ ಮನೆಯಲ್ಲಿ ಇರುವ ಹಕ್ಕಿಗೂ ಇರುವ ಈ ಅಂತರ ಅನೇಕರಿಗೆ ಬ್ರೆಕ್ಸಿಟ್ ಆಗುವವರೆಗೆ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡುವವರೆಗೆ, ಕಂಡಿರಲೇ ಇಲ್ಲ. ಒಂದೇ ದೇಶದೊಳಗೆ ಬದುಕುವವರಿಗೆ ಅದು ಕಾಣುವುದೂ ಇಲ್ಲ, ಏಕೆಂದರೆ ಅಲ್ಲಿ ಮನೆ ಕೊಂಡವನಿಗೆ ಅದರಲ್ಲಿ ಇರುವುದು, ಬಾಡಿಗೆಗೆ ಕೊಡುವುದು, ಮಕ್ಕಳಿಗೆ ಬಿಟ್ಟುಹೋಗುವುದು ಎಲ್ಲವೂ ಒಂದೇ ಗಂಟಿನಲ್ಲಿ ಸಿಗುತ್ತವೆ. ಗಡಿ ದಾಟಿದಾಗ ಗಂಟು ಬಿಚ್ಚಿಕೊಳ್ಳುತ್ತದೆ. ಒಡೆತನ ನೋಂದಣಿ ಕಚೇರಿಯ ವಿಷಯವಾಗುತ್ತದೆ, ಇರುವುದು ವಲಸೆ ಕಾನೂನಿನ ವಿಷಯ, ಬಾಡಿಗೆಗೆ ಕೊಡುವುದು ನಗರಸಭೆ ಮತ್ತು ಅಕ್ಕಪಕ್ಕದವರ ವಿಷಯ, ಬಿಟ್ಟುಹೋಗುವುದು ಮತ್ತೊಂದೇ ಕಾನೂನಿನ ವಿಷಯ. ಯುರೋಪಿನಲ್ಲಿ ಈಗ ನಡೆಯುತ್ತಿರುವ ಚರ್ಚೆಯನ್ನು ಪತ್ರಿಕೆಗಳು ‘ವಿದೇಶಿಯರು ಮನೆ ಕೊಳ್ಳಬಹುದೇ’ ಎಂಬ ಪ್ರಶ್ನೆಯಾಗಿ ಬರೆಯುತ್ತಿವೆ. ಆದರೆ ಕೊಳ್ಳುವ ಹಕ್ಕನ್ನು ಯಾರೂ ನೇರವಾಗಿ ಕಿತ್ತುಕೊಳ್ಳುತ್ತಿಲ್ಲ. ಅದರ ಜೊತೆಗೆ ಬರುತ್ತಿದ್ದ ಉಳಿದ ಹಕ್ಕುಗಳನ್ನು ಒಂದೊಂದಾಗಿ ಬೇರ್ಪಡಿಸಲಾಗುತ್ತಿದೆ ಎಂಬುದು ನನ್ನ ಓದು.

ಕೊಳ್ಳುವ ಹಕ್ಕನ್ನು ಕಿತ್ತುಕೊಳ್ಳದಿರುವುದಕ್ಕೆ ಕಾರಣ ಔದಾರ್ಯವಲ್ಲ, ಯುರೋಪಿಯನ್ ಒಕ್ಕೂಟದ ಮೂಲ ಒಪ್ಪಂದ. ಅದರ 63ನೇ ವಿಧಿ ಬಂಡವಾಳದ ಚಲನೆಯ ಮೇಲಿನ ನಿರ್ಬಂಧಗಳನ್ನು ನಿಷೇಧಿಸುತ್ತದೆ, ಮತ್ತು ಮನೆ ಕೊಳ್ಳುವುದನ್ನು ಬಂಡವಾಳದ ಚಲನೆ ಎಂದೇ ಪರಿಗಣಿಸಲಾಗಿದೆ. ಈ ವಿಧಿಯ ವಿಶೇಷವೆಂದರೆ ಅದು ಸದಸ್ಯ ದೇಶಗಳ ನಡುವೆ ಮಾತ್ರವಲ್ಲ, ಸದಸ್ಯ ದೇಶಗಳು ಮತ್ತು ಹೊರಗಿನ ದೇಶಗಳ ನಡುವಿನ ಬಂಡವಾಳಕ್ಕೂ ಅನ್ವಯಿಸುತ್ತದೆ. ಕಾರ್ಮಿಕರ ಸಂಚಾರ ಸ್ವಾತಂತ್ರ್ಯ ಒಕ್ಕೂಟದ ಪ್ರಜೆಗಳಿಗೆ ಸೀಮಿತ. ಹಣದ ಸ್ವಾತಂತ್ರ್ಯ ಹಾಗಲ್ಲ. ಬೆಂಗಳೂರಿನ ಹಣಕ್ಕೆ ಸ್ಪೇನಿನ ಬಾಗಿಲು ತೆರೆದಿರುವಷ್ಟು ಬೆಂಗಳೂರಿನ ಮನುಷ್ಯನಿಗೆ ತೆರೆದಿಲ್ಲ.

ಈ ನಿಯಮಕ್ಕೆ ಹೊರತಾದವರು ಮೊದಲೇ ಎಚ್ಚರವಾಗಿದ್ದವರು. ಯೂಟ್‌ಲೆಂಡಿನ ಮರಳುದಿಬ್ಬಗಳ ಮೇಲಿನ ಬೇಸಿಗೆಮನೆಗಳನ್ನೆಲ್ಲ ಜರ್ಮನರು ಕೊಂಡುಬಿಟ್ಟಾರು ಎಂಬ ಭಯ ಡೆನ್ಮಾರ್ಕಿಗೆ ಇತ್ತು. ಆದ್ದರಿಂದ 1992ರ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಹಾಕುವಾಗ, ಎರಡನೇ ಮನೆಯ ಖರೀದಿಯ ಬಗ್ಗೆ ತನ್ನಲ್ಲಿದ್ದ ಕಾನೂನನ್ನು ಉಳಿಸಿಕೊಳ್ಳುವ ಒಂದೇ ವಾಕ್ಯದ ಅನುಬಂಧವನ್ನು ಅದು ಸೇರಿಸಿಕೊಂಡಿತು. ಅಲ್ಲಿ ಐದು ವರ್ಷ ವಾಸಿಸದವರು ಬೇಸಿಗೆಮನೆ ಕೊಳ್ಳಲು ಇಂದಿಗೂ ಅನುಮತಿ ಬೇಕು. ಮಾಲ್ಟಾ 2004ರಲ್ಲಿ ಸೇರುವಾಗ ಇದೇ ದಾರಿ ಹಿಡಿಯಿತು. ಫಿನ್ಲೆಂಡಿಗೆ ಸೇರಿದ ಓಲಾಂಡ್ ದ್ವೀಪಗಳಲ್ಲಿ ಸ್ಥಳೀಯ ನಿವಾಸಿಯೆಂಬ ಹಕ್ಕಿಲ್ಲದೆ ನೆಲ ಕೊಳ್ಳುವುದು ಫಿನ್ಲೆಂಡಿನವರಿಗೇ ಸುಲಭವಲ್ಲ. ಸ್ಪೇನ್ 1986ರಲ್ಲಿ ಸೇರಿದಾಗ ಇಂಥ ಬೇಲಿಯನ್ನೇನೂ ಕಟ್ಟಿಕೊಳ್ಳಲಿಲ್ಲ. ಆಗ ಅದಕ್ಕೆ ಬೇಕಾಗಿದ್ದುದು ಹಣ ಮತ್ತು ಪ್ರವಾಸಿಗರು.

ಬೇಲಿ ಇಲ್ಲದವರು ನಂತರ ಬೇಲಿ ಕಟ್ಟಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರಿಯಾದ ತಿರೋಲ್ ಪ್ರಾಂತ್ಯದ ಕೊನ್ಲೆ ಪ್ರಕರಣವನ್ನು ನೋಡಬೇಕು. ಜಮೀನು ಕೊಳ್ಳುವ ಮೊದಲೇ ಆಡಳಿತದ ಅನುಮತಿ ಪಡೆಯಬೇಕು, ಅದನ್ನು ರಜೆಯ ಮನೆಯಾಗಿ ಬಳಸುವುದಿಲ್ಲವೆಂದು ತೋರಿಸಿಕೊಡಬೇಕು ಎಂಬುದು ಅಲ್ಲಿನ ಕಾನೂನು. ಜರ್ಮನ್ ಖರೀದಿದಾರನೊಬ್ಬ ಅದನ್ನು ಪ್ರಶ್ನಿಸಿದಾಗ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ 1999ರ ಜೂನ್‌ನಲ್ಲಿ ಎರಡು ಮಾತು ಹೇಳಿತು. ಒಂದು, ಪೂರ್ವಾನುಮತಿಯ ಈ ವಿಧಾನ ಅಗತ್ಯಕ್ಕಿಂತ ಕಠಿಣವಾದದ್ದು, ಆದ್ದರಿಂದ ಸಲ್ಲದು. ಎರಡು, ಒಂದು ಊರಿನಲ್ಲಿ ವರ್ಷವಿಡೀ ವಾಸಿಸುವ ಜನ ಉಳಿಯಲಿ, ಪ್ರವಾಸೋದ್ಯಮವನ್ನೇ ನೆಚ್ಚಿಕೊಳ್ಳದ ಬದುಕು ಉಳಿಯಲಿ ಎಂಬ ಕಾರಣಕ್ಕೆ ಎರಡನೇ ಮನೆಗಳನ್ನು ನಿಯಂತ್ರಿಸುವುದು ನ್ಯಾಯವಾದ ಉದ್ದೇಶವೇ. ಈ ಎರಡನೇ ಮಾತಿನಲ್ಲಿ ಇಡೀ ಚರ್ಚೆಯ ಕೀಲಿ ಇದೆ. ಕೊಳ್ಳುವವನು ಎಲ್ಲಿಯವನು ಎಂದು ಕೇಳುವ ಕಾನೂನು ನ್ಯಾಯಾಲಯದಲ್ಲಿ ದುರ್ಬಲ, ಕೊಂಡ ಮನೆಯನ್ನು ಏನು ಮಾಡುತ್ತಾನೆ ಎಂದು ಕೇಳುವ ಕಾನೂನು ಗಟ್ಟಿ. ರಾಜಕೀಯದಲ್ಲಿ ಮಾತ್ರ ಇದು ತಿರುಗುಮುರುಗು: ಹೊರಗಿನವನತ್ತ ಬೆರಳು ತೋರಿಸುವುದು ಸಲೀಸು, ಊರಿನವನದೇ ಎರಡನೇ ಮನೆಗೆ ಕೈ ಹಾಕುವುದು ಕಷ್ಟ.

ಸ್ಪೇನಿನಲ್ಲಿ ಈಗ ನಡೆದಿರುವುದು ಈ ಎರಡೂ ಆಟಗಳು ಒಟ್ಟಿಗೆ. 2013ರ ಕಾನೂನೊಂದು 5 ಲಕ್ಷ ಯುರೋ ಬೆಲೆಯ ಆಸ್ತಿ ಕೊಂಡ ವಿದೇಶಿಯರಿಗೆ ವಾಸದ ಪರವಾನಗಿ ಕೊಡುತ್ತಿತ್ತು. ‘ಗೋಲ್ಡನ್ ವೀಸಾ’ ಎಂದು ಹೆಸರಾದದ್ದು ಅದೇ. ಆರ್ಥಿಕ ಕುಸಿತದ ನಂತರ ಖಾಲಿ ಬಿದ್ದಿದ್ದ ಮನೆಗಳನ್ನು ಹೇಗಾದರೂ ಮಾರಬೇಕೆಂಬ ಅವಸರದ ಕೂಸು ಅದು. ಇಂಥ ನೂರು ವೀಸಾಗಳಲ್ಲಿ 94 ಮನೆ ಖರೀದಿಗೆ ಕೊಟ್ಟವು ಎಂದು ಪ್ರಧಾನಿ ಪೆದ್ರೋ ಸಾಂಚೆಸ್ 2024ರಲ್ಲಿ ಹೇಳಿ ಅದನ್ನು ರದ್ದುಪಡಿಸುವುದಾಗಿ ಘೋಷಿಸಿದರು, 2025ರ ಏಪ್ರಿಲ್ 3ರಿಂದ ರದ್ದೂ ಆಯಿತು. ಸುದ್ದಿಯ ದೃಷ್ಟಿಯಿಂದ ಇದು ದೊಡ್ಡದು. ಮಾರುಕಟ್ಟೆಯ ದೃಷ್ಟಿಯಿಂದ ನೋಡಿದರೆ, ವರ್ಷಕ್ಕೆ ಸುಮಾರು ಆರು ಲಕ್ಷ ಮನೆಗಳು ಕೈಬದಲಾಗುವ ದೇಶದಲ್ಲಿ ಹತ್ತು ವರ್ಷಗಳಲ್ಲೆಲ್ಲ ಸೇರಿ ಈ ವೀಸಾ ಪಡೆದವರ ಸಂಖ್ಯೆ ಸಾವಿರಗಳಲ್ಲಿ ಎಣಿಸುವಂಥದ್ದು. ಮನೆಯ ಬೆಲೆ ಅದರಿಂದ ಇಳಿಯುತ್ತದೆ ಎಂದು ಯಾರೂ ಗಂಭೀರವಾಗಿ ನಂಬಿರಲಿಲ್ಲ.

ಹೆಚ್ಚು ಸದ್ದು ಮಾಡಿದ್ದು 2025ರ ಜನವರಿ 13ರ ಘೋಷಣೆ. ಯುರೋಪಿಯನ್ ಒಕ್ಕೂಟದ ಹೊರಗಿನ ಅನಿವಾಸಿಗಳು 2023ರಲ್ಲಿ ಸುಮಾರು 27 ಸಾವಿರ ಮನೆಗಳನ್ನು ಕೊಂಡರು, ಅದೂ ವಾಸಕ್ಕಲ್ಲ, ಲಾಭಕ್ಕೆ ಎಂದು ಸಾಂಚೆಸ್ ಆರೋಪಿಸಿ, ಅಂಥವರ ಮೇಲೆ ಮನೆಯ ಬೆಲೆಯಷ್ಟೇ ಮೊತ್ತದವರೆಗೆ, ಅಂದರೆ ಶೇ 100ರವರೆಗೆ ಏರಬಹುದಾದ ತೆರಿಗೆಯ ಪ್ರಸ್ತಾಪವಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಅದು ಮಸೂದೆಯಾಗಿ ಸಂಸತ್ತಿಗೆ ಬಂತು. 350 ಸ್ಥಾನಗಳ ಕೆಳಮನೆಯಲ್ಲಿ 2023ರ ಚುನಾವಣೆಯಲ್ಲಿ 121 ಗೆದ್ದ ಪಕ್ಷವೊಂದು ಚಿಕ್ಕಪುಟ್ಟ ಮಿತ್ರರನ್ನು ಓಲೈಸಿ ಇಂಥ ಮಸೂದೆಗೆ ಬಹುಮತ ಕೂಡಿಸುವುದು ಸುಲಭದ ಕೆಲಸವಲ್ಲ. ಬಹುಮತ ಸಿಕ್ಕರೂ ಮುಂದೆ 63ನೇ ವಿಧಿ ಕಾದು ನಿಂತಿದೆ, ಅದು ಹೊರದೇಶದ ಬಂಡವಾಳವನ್ನೂ ರಕ್ಷಿಸುತ್ತದೆ. ಸ್ಪೇನಿಗೆ ಇದರ ಅನುಭವವೂ ಇದೆ. ಅನಿವಾಸಿಗಳ ಮೇಲೆ ಹೆಚ್ಚಿನ ಪಿತ್ರಾರ್ಜಿತ ತೆರಿಗೆ ಬೀಳುವಂತಿದ್ದ ಅದರ ವ್ಯವಸ್ಥೆಯನ್ನು ಯುರೋಪಿಯನ್ ನ್ಯಾಯಾಲಯ 2014ರಲ್ಲಿ ತಾರತಮ್ಯವೆಂದು ಕರೆಯಿತು. ಆ ತೀರ್ಪಿನ ಲಾಭ ಒಕ್ಕೂಟದ ಹೊರಗಿನವರಿಗೂ ಸಲ್ಲಬೇಕು ಎಂದು 2018ರಲ್ಲಿ ಸ್ಪೇನಿನದೇ ಸುಪ್ರೀಂ ಕೋರ್ಟು ಹೇಳಿತು. ಇಷ್ಟೆಲ್ಲ ಗೊತ್ತಿದ್ದೂ ಮಂಡಿಸಿದ ಮಸೂದೆಯನ್ನು ತೆರಿಗೆ ಸಂಗ್ರಹದ ಯೋಜನೆಯೆಂದು ಓದುವುದಕ್ಕಿಂತ ಬೀದಿಯಲ್ಲಿ ನಿಂತ ಜನರಿಗೆ ಕೊಟ್ಟ ಉತ್ತರವೆಂದು ಓದುವುದು ಸರಿ.

ಬೀದಿಯಲ್ಲಿ ಜನ ನಿಂತದ್ದಂತೂ ಸುಳ್ಳಲ್ಲ. 2024ರ ಏಪ್ರಿಲ್ 20ರಂದು ಕೆನರಿ ದ್ವೀಪಗಳಲ್ಲಿ, ಅದೇ ಜುಲೈನಲ್ಲಿ ಬಾರ್ಸಿಲೋನಾ ಮತ್ತು ಪಾಲ್ಮಾದಲ್ಲಿ ದೊಡ್ಡ ಮೆರವಣಿಗೆಗಳು ನಡೆದವು. ಬಾರ್ಸಿಲೋನಾದಲ್ಲಿ ಹೋಟೆಲಿನ ಹೊರಗೆ ಊಟ ಮಾಡುತ್ತಿದ್ದ ಪ್ರವಾಸಿಗರ ಮೇಲೆ ಮಕ್ಕಳ ಆಟದ ಪಿಚಕಾರಿಯಿಂದ ನೀರು ಚಿಮ್ಮಿಸಿದ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ದ್ವೀಪಗಳಲ್ಲಿ ಆಸ್ಪತ್ರೆಯ ದಾದಿ, ಶಾಲೆಯ ಶಿಕ್ಷಕಿ, ಹೋಟೆಲಿನ ಮಾಣಿ ಇವರಿಗೆ ಬಾಡಿಗೆ ಮನೆ ಸಿಗದೆ ಹಂಚಿಕೊಂಡ ಕೋಣೆಗಳಲ್ಲಿ, ಕೆಲವರು ವಾಹನಗಳಲ್ಲಿ ಮಲಗುವ ಸ್ಥಿತಿ ಬಂದಿದೆ. ದೇಶದ ಒಟ್ಟು ಮನೆ ಖರೀದಿಯಲ್ಲಿ ವಿದೇಶಿಯರ ಪಾಲು ಏಳರಲ್ಲಿ ಒಂದರಷ್ಟು. ಅಲಿಕಾಂತೆಯಲ್ಲಿ ಮಾತ್ರ ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು. ಅಂದರೆ ಸಮಸ್ಯೆ ನಿಜ, ಆದರೆ ದೇಶದ ಮೇಲೆಲ್ಲ ಸಮನಾಗಿ ಹರಡಿದ್ದಲ್ಲ. ಇನ್ನು ಕೊರತೆಯ ಬೇರು ಬೇರೆ ಕಡೆಯೂ ಇದೆ. 2006ರಲ್ಲಿ, ಮನೆ ಮಾರುಕಟ್ಟೆಯ ಗುಳ್ಳೆ ಒಡೆಯುವ ಮುನ್ನ, ಸ್ಪೇನಿನಲ್ಲಿ 8 ಲಕ್ಷಕ್ಕೂ ಹೆಚ್ಚು ಹೊಸ ಮನೆಗಳಿಗೆ ಕಟ್ಟಡ ಮಂಜೂರಾತಿ ಸಿಕ್ಕಿತ್ತು. 2024ರಲ್ಲಿ ಅದು ಸುಮಾರು ಒಂದೂಕಾಲು ಲಕ್ಷ. ಸರ್ಕಾರಿ ಬಾಡಿಗೆ ಮನೆಗಳು ಒಟ್ಟು ಮನೆಗಳಲ್ಲಿ ಶೇ 2.5ರಷ್ಟು ಮಾತ್ರ ಎಂದು ಸಾಂಚೆಸ್ ಅವರೇ ಜನವರಿ 13ರ ಆ ಘೋಷಣೆಯ ಭಾಷಣದಲ್ಲಿ ಒಪ್ಪಿಕೊಂಡಿದ್ದರು. 2011ರ ಜನಗಣತಿ ಎಣಿಸಿದ ಎರಡನೇ ಮನೆಗಳು 36 ಲಕ್ಷಕ್ಕೂ ಮಿಕ್ಕಿದ್ದವು, ಅವುಗಳಲ್ಲಿ ಬಹುಪಾಲು ಸ್ಪೇನಿನವರವೇ. ಸ್ವಿಟ್ಜರ್ಲೆಂಡ್ ಈ ವಿಷಯದಲ್ಲಿ ಹೆಚ್ಚು ನೇರ. 2012ರ ಮಾರ್ಚ್‌ನಲ್ಲಿ ಶೇ 50.6 ಮತದಿಂದ ಗೆದ್ದ ಜನಮತಗಣನೆ ಯಾವುದೇ ಊರಿನಲ್ಲಿ ಎರಡನೇ ಮನೆಗಳು ಶೇ 20 ದಾಟಬಾರದು ಎಂದಿತು, ಕೊಳ್ಳುವವನು ಜ್ಯೂರಿಕ್‌ನವನಾದರೂ ಲಂಡನ್ನಿನವನಾದರೂ ಒಂದೇ.

ಸ್ಪೇನಿನಲ್ಲಿ ನಿಜವಾಗಿ ಹಲ್ಲಿರುವ ಕಾನೂನುಗಳು ಬಳಕೆಯ ಕಡೆಯಿಂದ ಬಂದಿವೆ, ಮತ್ತು ಅವುಗಳಿಗೆ ಅಷ್ಟು ಸದ್ದಾಗಲಿಲ್ಲ. ರಜೆಯ ಮನೆ ಕೊಳ್ಳುವವರ ಲೆಕ್ಕಾಚಾರ ಸಾಮಾನ್ಯವಾಗಿ ಹೀಗಿರುತ್ತದೆ: ನಾವು ವರ್ಷಕ್ಕೆ ಆರು ವಾರ ಇರುತ್ತೇವೆ, ಉಳಿದ ದಿನ ಏರ್‌ಬಿಎನ್‌ಬಿ ಎಂಬ ಬಾಡಿಗೆ ಜಾಲತಾಣದ ಮೂಲಕ ಪ್ರವಾಸಿಗರಿಗೆ ಬಿಟ್ಟರೆ ಸಾಲದ ಕಂತು ಅದರಲ್ಲೇ ಹೋಗುತ್ತದೆ. ಗೋಲ್ಡನ್ ವೀಸಾ ರದ್ದಾದ ಅದೇ ಏಪ್ರಿಲ್ 3ರಿಂದ, ಒಂದು ಅಪಾರ್ಟ್‌ಮೆಂಟಿನಲ್ಲಿ ಹೊಸದಾಗಿ ಪ್ರವಾಸಿ ಬಾಡಿಗೆ ಶುರುಮಾಡಬೇಕೆಂದರೆ ಮನೆಮಾಲೀಕರ ಸಂಘದ ಐದರಲ್ಲಿ ಮೂರು ಪಾಲಿನ ಒಪ್ಪಿಗೆ ಬೇಕೆಂಬ ನಿಯಮ ಬಂತು. ಮಧ್ಯರಾತ್ರಿ ಮೆಟ್ಟಿಲ ಮೇಲೆ ಚಕ್ರದ ಸೂಟ್‌ಕೇಸ್ ಎಳೆಯುವ ಸದ್ದು ಕೇಳಿ ರೋಸಿಹೋದ ಮೂರನೇ ಮಹಡಿಯ ಅಜ್ಜಿಗೆ ಈಗ ಮತವಿದೆ. 2025ರ ಜುಲೈ 1ರಿಂದ ಅಲ್ಪಾವಧಿ ಬಾಡಿಗೆಯ ಪ್ರತಿ ಜಾಹೀರಾತಿಗೂ ನೋಂದಣಿ ಸಂಖ್ಯೆ ಕಡ್ಡಾಯವಾಯಿತು. ಅದಕ್ಕೂ ಮುನ್ನ ಮೇ ತಿಂಗಳಲ್ಲೇ 65 ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ತೆಗೆಯುವಂತೆ ಏರ್‌ಬಿಎನ್‌ಬಿಗೆ ಸರ್ಕಾರ ಆದೇಶಿಸಿತ್ತು. ಬಾರ್ಸಿಲೋನಾ ಎಲ್ಲರಿಗಿಂತ ಮುಂದೆ ಹೋಗಿದೆ. ಅಲ್ಲಿನ 10,101 ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲವೆಂದು ಮೇಯರ್ ಜೌಮೆ ಕೊಲ್‌ಬೋನಿ 2024ರ ಜೂನ್‌ನಲ್ಲಿ ಹೇಳಿದರು, ಅದಕ್ಕೆ ಆಧಾರವಾದ ಕತಲೋನಿಯಾದ ಕಾನೂನನ್ನು 2025ರ ಮಾರ್ಚ್‌ನಲ್ಲಿ ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ ಎತ್ತಿಹಿಡಿಯಿತು. ಪರವಾನಗಿ ಇದೆಯೆಂಬ ಕಾರಣಕ್ಕೆ ಹೆಚ್ಚು ಬೆಲೆ ತೆತ್ತು ಫ್ಲ್ಯಾಟು ಕೊಂಡವರಿಗೆ ಒಡೆತನ ಹಾಗೆಯೇ ಉಳಿಯುತ್ತದೆ. ಅವರು ಬೆಲೆ ತೆತ್ತದ್ದು ಯಾವುದಕ್ಕೋ ಅದು ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಡೆತನವಾದರೂ ಗಟ್ಟಿಯೇ ಎಂದು ಕೇಳಬೇಕಾಗುತ್ತದೆ. ಸ್ಪೇನಿನ ನೋಟರಿ ಎಂದರೆ ನಮ್ಮ ಕೋರ್ಟಿನ ಮುಂದೆ ಛತ್ರಿಯ ಕೆಳಗೆ ಕೂತು ಮೊಹರು ಒತ್ತುವವರಲ್ಲ. ಕಠಿಣ ಪರೀಕ್ಷೆ ಗೆದ್ದು ಬಂದ, ಸರ್ಕಾರ ನೇಮಿಸಿದ ಅಧಿಕಾರಿ. ಅವರ ಮೇಜಿನ ಸುತ್ತ ಮಾರುವವರು, ಕೊಳ್ಳುವವರು, ಬ್ಯಾಂಕಿನವರು ಕೂತಿರುತ್ತಾರೆ, ಭಾಷೆ ಬಾರದವರ ಪಕ್ಕದಲ್ಲಿ ದುಭಾಷಿ ಇರುತ್ತಾರೆ. ಕ್ರಯಪತ್ರವನ್ನು ಗಟ್ಟಿಯಾಗಿ ಓದಲಾಗುತ್ತದೆ, ಬ್ಯಾಂಕ್ ಚೆಕ್ಕು ಮೇಜು ದಾಟುತ್ತದೆ, ಕೀಲಿಗೊಂಚಲು ಅದರ ಹಿಂದೆಯೇ ಬರುತ್ತದೆ. ಗಾಂಭೀರ್ಯ ನೋಡಿದರೆ ಎಲ್ಲವನ್ನೂ ಸರ್ಕಾರವೇ ಪರಿಶೀಲಿಸಿ ಕೊಟ್ಟಿತೆಂದು ಅನಿಸುತ್ತದೆ. ನೋಟರಿ ನೋಡುವುದು ಮಾರುವವನು ನಿಜವಾದ ಮಾಲೀಕನೇ, ಅಡಮಾನ ಇದೆಯೇ ಎಂಬುದನ್ನು. ಮನೆಯನ್ನು ಮಂಜೂರಾದ ನಕ್ಷೆಯಂತೆ ಕಟ್ಟಲಾಗಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡುವುದು ಅವರ ಕೆಲಸವಲ್ಲ.

ಬೆಂಗಳೂರಿನಲ್ಲಿ ನಿವೇಶನ ಕೊಂಡು ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಪೇನಿನ ನೋಂದಣಿ ಕಚೇರಿ ಹತ್ತು ಯುರೋ ಆಸುಪಾಸಿನ ಶುಲ್ಕಕ್ಕೆ ಕೊಡುವ ‘ನೋಟಾ ಸಿಂಪ್ಲೆ’ ಎಂಬ ಹಾಳೆ, ಮಾಲೀಕರ ಹೆಸರು ಮತ್ತು ಸಾಲಸೋಲಗಳನ್ನು ತೋರಿಸುವಲ್ಲಿ, ನಮ್ಮ ಇ.ಸಿ.ಯಂತೆ. ‘ಕತಾಸ್ತ್ರೋ’ ಎಂಬ ಇನ್ನೊಂದು ದಾಖಲೆ ನಮ್ಮ ಖಾತೆಯಂತೆ ತೆರಿಗೆಗಾಗಿ ಇರುವಂಥದ್ದು. ಎರಡರಲ್ಲೂ ಒಂದೇ ಅಳತೆ ಇರಬೇಕೆಂದಿಲ್ಲ. ಒಂದು 90 ಚದರ ಮೀಟರ್ ಎನ್ನುತ್ತದೆ, ಇನ್ನೊಂದು 130 ಎನ್ನುತ್ತದೆ, ಹೋಗಿ ನೋಡಿದರೆ ಎರಡರಲ್ಲೂ ಇಲ್ಲದ ಈಜುಕೊಳವೊಂದು ಹಿತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿರುತ್ತದೆ. ಆಂದಲೂಸಿಯಾದಲ್ಲಿ ಹೀಗೆ ಕೃಷಿಭೂಮಿಯಲ್ಲಿ, ನಿಯಮ ಮೀರಿ ಕಟ್ಟಿದ ಮನೆಗಳು ಸುಮಾರು 3 ಲಕ್ಷ ಎಂದು ಅಲ್ಲಿನ ಪ್ರಾದೇಶಿಕ ಸರ್ಕಾರವೇ ಅಂದಾಜಿಸಿತ್ತು. 2019ರಲ್ಲಿ ಅದು ತಂದ ಸುಗ್ರೀವಾಜ್ಞೆಯನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬಹುದು: ಅಕ್ರಮ-ಸಕ್ರಮ. ಕೆಡವುವ ಅವಧಿ ಮೀರಿದ ಮನೆಗೆ ಒಂದು ಅರೆ ಮಾನ್ಯತೆ ಸಿಗುತ್ತದೆ, ನೀರು ಮತ್ತು ವಿದ್ಯುತ್ ಸಂಪರ್ಕ ಸಿಗುತ್ತದೆ, ಆದರೆ ವಿಸ್ತರಿಸಿ ಕಟ್ಟುವಂತಿಲ್ಲ. ಬಿ ಖಾತಾ ಎಂದರೆ ಹೆಚ್ಚು ತಪ್ಪಾಗದು.

ಅರೆ ಮಾನ್ಯತೆ ಇಲ್ಲದಿದ್ದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಅಲ್ಮೇರಿಯಾ ಪ್ರಾಂತ್ಯದ ವೇರಾ ಎಂಬ ಊರನ್ನು ಅಲ್ಲಿನ ಬ್ರಿಟಿಷರು ಇಂದಿಗೂ ನೆನೆಯುತ್ತಾರೆ. 2008ರ ಜನವರಿಯಲ್ಲಿ ಅಲ್ಲಿ ಬ್ರಿಟಿಷ್ ನಿವೃತ್ತ ದಂಪತಿಯ ಮನೆಯನ್ನು ಬುಲ್ಡೋಜರ್ ತಂದು ಕೆಡವಲಾಯಿತು. ಅವರ ಬಳಿ ಕಟ್ಟಡ ಪರವಾನಗಿ ಇರಲಿಲ್ಲವೆಂದಲ್ಲ, ಇತ್ತು. ಸ್ಥಳೀಯ ಪುರಸಭೆ ಕೊಟ್ಟದ್ದು. ಅದನ್ನು ಕೊಡುವ ಅಧಿಕಾರ ಪುರಸಭೆಗೆ ಇರಲಿಲ್ಲವೆಂದು ಪ್ರಾದೇಶಿಕ ಸರ್ಕಾರ ನ್ಯಾಯಾಲಯಕ್ಕೆ ಹೋಗಿತ್ತು. ಮನೆ ಹೋಯಿತು, ಗ್ಯಾರೇಜು ಉಳಿಯಿತು, ದಂಪತಿ ವರ್ಷಗಟ್ಟಲೆ ಆ ಗ್ಯಾರೇಜಿನಲ್ಲೇ ಬದುಕಿದರು. ಆ ವ್ಯಾಜ್ಯದಲ್ಲಿ ಮನೆಯವರ ಮಾತನ್ನು ಕೇಳದೆಯೇ ತೀರ್ಮಾನಿಸಿದ್ದು ಅವರ ಹಕ್ಕಿನ ಉಲ್ಲಂಘನೆ ಎಂದು ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು ಮನೆ ಬಿದ್ದ ಎಷ್ಟೋ ಕಾಲದ ನಂತರ.

ಕಡಲಿಗೆ ಹತ್ತಿರವಾದಷ್ಟೂ ಒಡೆತನ ಇನ್ನೂ ತೆಳುವಾಗುತ್ತದೆ. 1988ರ ಕರಾವಳಿ ಕಾನೂನು ಸಮುದ್ರದ ಅಂಚನ್ನು ಸಾರ್ವಜನಿಕ ಆಸ್ತಿಯೆಂದು ಸಾರಿತು. ಅದರ ಗೆರೆಯೊಳಗೆ ಬಿದ್ದ ಮನೆಗಳ ಮಾಲೀಕರು ಕಾಲಮಿತಿಯ ಅನುಭೋಗದಾರರಾದರು, ಆ ಮಿತಿಯನ್ನು 2013ರ ತಿದ್ದುಪಡಿ 75 ವರ್ಷಗಳವರೆಗೆ ಹಿಗ್ಗಿಸಿತು. ಗೋಕರ್ಣದಲ್ಲೋ ಮಲ್ಪೆಯಲ್ಲೋ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆಯ ಬಗ್ಗೆ ತಲೆಕೆಡಿಸಿಕೊಂಡವರಿಗೆ ಇದು ಹೊಸದಲ್ಲ. ಬ್ರೆಕ್ಸಿಟ್ ನಂತರ ಬ್ರಿಟಿಷರು ಎದುರಿಸಿದ ಇನ್ನೊಂದು ವಿಚಿತ್ರವೂ ಇದೆ: ದ್ವೀಪಗಳು, ಜಿಬ್ರಾಲ್ಟರ್ ಜಲಸಂಧಿ, ಕಾರ್ತಹೇನಾದ ಆಸುಪಾಸು ಮುಂತಾದ ಕಡೆ ಹಳ್ಳಿಗಾಡಿನ ಆಸ್ತಿ ಕೊಳ್ಳಲು ಒಕ್ಕೂಟದ ಹೊರಗಿನವರಿಗೆ ಸೇನೆಯ ಅನುಮತಿ ಬೇಕು. 1975ರ, ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯ ಕೊನೆಗಾಲದ ಕಾನೂನು ಅದು. ಕಿತ್ತಳೆ ತೋಟದ ನಡುವಿನ ಎರಡು ಕೋಣೆಯ ಮನೆಗೂ ಕಡತ ರಕ್ಷಣಾ ಇಲಾಖೆಗೆ ಹೋಗುತ್ತದೆ.

ಖರ್ಚಿನ ಲೆಕ್ಕವನ್ನು ಬೇಗ ಮುಗಿಸಬಹುದು. ಹಳೆಯ ಮನೆಗೆ ವರ್ಗಾವಣೆ ತೆರಿಗೆ ಪ್ರದೇಶವನ್ನು ಅವಲಂಬಿಸಿ ಹೆಚ್ಚಿನ ಕಡೆ ಶೇ 6ರಿಂದ 13ರವರೆಗೆ ಇರುತ್ತದೆ, ಹೊಸ ಮನೆಗೆ ಸಾಮಾನ್ಯವಾಗಿ ಶೇ 10ರ ಮೌಲ್ಯವರ್ಧಿತ ತೆರಿಗೆ. ರೂಢಿಯಂತೆ ಶೇ 10 ಮುಂಗಡ ಕೊಟ್ಟು ಕರಾರು ಮಾಡಿಕೊಂಡರೆ, ಅದು ಸಿವಿಲ್ ಸಂಹಿತೆಯ 1454ನೇ ವಿಧಿಯ ಪ್ರಕಾರದ್ದಾಗಿದ್ದಲ್ಲಿ, ಕೊಳ್ಳುವವನು ಹಿಂದೆ ಸರಿದರೆ ಮುಂಗಡ ಹೋಯಿತು, ಮಾರುವವನು ಹಿಂದೆ ಸರಿದರೆ ಎರಡರಷ್ಟು ವಾಪಸು ಕೊಡಬೇಕು. ಹಿಂದಿನ ಮಾಲೀಕ ಸಂಘಕ್ಕೆ ಉಳಿಸಿಹೋದ ನಿರ್ವಹಣಾ ಬಾಕಿಯಲ್ಲಿ ಆ ವರ್ಷದ್ದೂ ಅದಕ್ಕೆ ಹಿಂದಿನ ಮೂರು ವರ್ಷಗಳದ್ದೂ ಮನೆಯ ಜೊತೆಗೇ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಹೊಸಬರನ್ನು ಬೆಚ್ಚಿಬೀಳಿಸುವುದು ಖಾಲಿ ಮನೆಯ ಆದಾಯ ತೆರಿಗೆ. ಅನಿವಾಸಿಯ ಮನೆ ಬಾಡಿಗೆಗೆ ಹೋಗದೆ ಬೀಗ ಹಾಕಿಕೊಂಡಿದ್ದರೂ, ಅದರ ತೆರಿಗೆ ಮೌಲ್ಯದ ಶೇ 1.1 ಅಥವಾ 2ರಷ್ಟು ಆದಾಯ ಬಂತೆಂದು ಕಾನೂನು ಊಹಿಸಿಕೊಳ್ಳುತ್ತದೆ, ಅದರ ಮೇಲೆ ಒಕ್ಕೂಟದವರಿಂದ ಶೇ 19, ಹೊರಗಿನವರಿಂದ ಶೇ 24 ತೆರಿಗೆ ಕೇಳುತ್ತದೆ. ಅಕ್ಟೋಬರ್‌ನಲ್ಲಿ ಬಂದು ಡಿಸೆಂಬರ್ 29ಕ್ಕೆ ಹೊರಡುವ ನಮ್ಮ ದಂಪತಿ ತಾವು ಇರಲು ಅವಕಾಶವಿಲ್ಲದ ತಿಂಗಳುಗಳಿಗೂ ಈ ತೆರಿಗೆ ಕಟ್ಟುತ್ತಾರೆ.

ಬಿಟ್ಟುಹೋಗುವ ವಿಷಯದಲ್ಲಿ ಮಾತ್ರ ಯುರೋಪ್ ಒಂದು ಸೌಲಭ್ಯ ಮಾಡಿಕೊಟ್ಟಿದೆ. ಸ್ಪೇನಿನ ಸಾಮಾನ್ಯ ಸಿವಿಲ್ ಕಾನೂನಿನಲ್ಲಿ ಆಸ್ತಿಯ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಮೀಸಲು, ಹೆಂಡತಿಗೆ ಪೂರ್ತಿ ಬರೆದಿಡುವ ಸ್ವಾತಂತ್ರ್ಯವಿಲ್ಲ. ಆದರೆ 2015ರ ಆಗಸ್ಟ್ 17ರಿಂದ ಜಾರಿಯಲ್ಲಿರುವ ಒಕ್ಕೂಟದ ನಿಯಮಾವಳಿಯಂತೆ, ತನ್ನ ಉತ್ತರಾಧಿಕಾರಕ್ಕೆ ತನ್ನ ಪೌರತ್ವದ ದೇಶದ ಕಾನೂನೇ ಅನ್ವಯಿಸಲಿ ಎಂದು ಉಯಿಲಿನಲ್ಲಿ ಆರಿಸಿಕೊಳ್ಳಬಹುದು. ಈ ಆಯ್ಕೆ ಒಕ್ಕೂಟದ ಪ್ರಜೆಗಳಿಗಷ್ಟೇ ಮೀಸಲಲ್ಲ. ಸ್ಪೇನಿನಲ್ಲಿ ನೆಲೆಸಿದ ಕನ್ನಡಿಗರೊಬ್ಬರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಅವರೂ ಹೀಗೆ ಬರೆದಿಡಬಹುದು. ಒಂದು ಸಾಲಿನ ಕೆಲಸ. ಬರೆಯದಿದ್ದರೆ ಮಕ್ಕಳು ವಕೀಲರಿಗೆ ತೆರುವುದು ಬಹಳ.

ಕರ್ನಾಟಕದಿಂದಲೇ ಹಣ ಕಳಿಸಿ ಕೊಳ್ಳುವವರಿಗೆ ಸ್ಪೇನಿನ ಕಾನೂನಿಗಿಂತ ಮೊದಲು ಭಾರತದ ಕಾನೂನು ಎದುರಾಗುತ್ತದೆ. ನಿವಾಸಿ ಭಾರತೀಯರೊಬ್ಬರು ಒಂದು ಆರ್ಥಿಕ ವರ್ಷದಲ್ಲಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ 2.5 ಲಕ್ಷ ಡಾಲರ್‌ವರೆಗೆ ಮಾತ್ರ ಹೊರಗೆ ಕಳಿಸಬಹುದು. ಆಸ್ತಿಗಾಗಿ ಕಳಿಸುವಾಗ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ 20 ತೆರಿಗೆಯನ್ನು ಮೊದಲೇ ಹಿಡಿದುಕೊಳ್ಳುತ್ತದೆ, ಅದನ್ನು ಆಮೇಲೆ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬೇಕು. ಕೊಂಡ ಮನೆಯನ್ನು ವರ್ಷವೂ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ವೀಸಾದ ಆಸೆಯಿಂದ ಹೋಗುವವರು ಈಗ ಗ್ರೀಸ್ ಕಡೆ ತಿರುಗಿದ್ದಾರೆ. ಅಥೆನ್ಸ್ ಸುತ್ತಮುತ್ತ ಮತ್ತು ದೊಡ್ಡ ದ್ವೀಪಗಳಲ್ಲಿ ಅಲ್ಲಿನ ಮಿತಿ 2024ರ ಸೆಪ್ಟೆಂಬರ್‌ನಿಂದ 8 ಲಕ್ಷ ಯುರೋಗೆ ಏರಿದೆ. ಪೋರ್ಚುಗಲ್ 2023ರ ಅಕ್ಟೋಬರ್‌ನಲ್ಲೇ ಮನೆ ಖರೀದಿಯ ದಾರಿಯನ್ನು ಮುಚ್ಚಿತು.

ನಮ್ಮವರಲ್ಲಿ ಹೆಚ್ಚು ಸಂಕೀರ್ಣ ಸ್ಥಿತಿ ಮ್ಯೂನಿಕ್, ಐಂಡ್‌ಹೋವನ್‌ನಂಥ ಊರುಗಳಲ್ಲಿ ದುಡಿಯುತ್ತಿರುವ ಎಂಜಿನಿಯರುಗಳದ್ದು. ಅವರ ಸಂಬಳ ಯುರೋದಲ್ಲಿದೆ, ರಿಸರ್ವ್ ಬ್ಯಾಂಕಿನ ಮಿತಿ ಅವರಿಗಿಲ್ಲ. ನಾಳೆ ಬೆಂಗಳೂರಿಗೆ ಮರಳಿ ಬಂದರೂ, ಹೊರಗಿದ್ದಾಗ ಕೊಂಡ ಮನೆಯನ್ನು ಉಳಿಸಿಕೊಳ್ಳಲು ವಿದೇಶಿ ವಿನಿಮಯ ಕಾಯ್ದೆಯ 6(4)ನೇ ವಿಧಿ ಬಿಡುತ್ತದೆ. ಸಾಂಚೆಸ್ ಅವರ ಮಸೂದೆಯೂ ಗುರಿಯಿಟ್ಟಿರುವುದು ಒಕ್ಕೂಟದಲ್ಲಿ ವಾಸವಿಲ್ಲದವರ ಮೇಲೆ, ಆದ್ದರಿಂದ ಮ್ಯೂನಿಕ್ ನಿವಾಸಿಯಾದ ಕನ್ನಡಿಗ ಅದರ ಬಲೆಯಿಂದ ಹೊರಗುಳಿಯುವ ಸಂಭವವಿದೆ. ಇರುವ ವಿಷಯ ಬಂದಾಗ ಮಾತ್ರ ಪಾಸ್‌ಪೋರ್ಟ್ ಮುಂದೆ ಬರುತ್ತದೆ. ಒಕ್ಕೂಟದ ಹೊರಗಿನ ನುರಿತ ಉದ್ಯೋಗಿಗಳಿಗೆ ಕೊಡುವ ಪರವಾನಗಿಯಾದ ಜರ್ಮನಿಯ ಬ್ಲೂ ಕಾರ್ಡು ಜರ್ಮನಿಯಲ್ಲಿ ಇರಲು ಕೊಟ್ಟ ಹಕ್ಕು. ಅದನ್ನು ಹಿಡಿದು ಸ್ಪೇನಿನಲ್ಲಿರುವ ಸ್ವಂತ ಮನೆಗೆ ಹೋದವನಿಗೂ ಯಾವುದೇ 180 ದಿನಗಳಲ್ಲಿ 90 ದಿನದ ಲೆಕ್ಕವೇ. ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದೆಯೆಂದು ಅಕ್ಟೋಬರ್ 1ರಂದು ಲ್ಯಾಪ್‌ಟಾಪ್ ಹಿಡಿದು ಅಲಿಕಾಂತೆಯಲ್ಲಿ ಇಳಿದರೆ, ಪಕ್ಕದ ಮನೆಯ ಬ್ರಿಟಿಷ್ ದಂಪತಿ ಪೆಟ್ಟಿಗೆ ಕಟ್ಟುವ ದಿನವೇ ಅವನೂ ಕಟ್ಟಬೇಕು.